ಟೈಮ್‌ಲೈನ್ ರೆಸ್ಯೂಮ್ ಟೆಂಪ್ಲೇಟ್: ಗೆರೆ ಚೆಂದ, ದುಡ್ಡು ಕೊಡಬೇಕಾ?

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ. ಆ ಎರಡೂವರೆಯೂ ಟೈಮ್‌ಲೈನ್ ಅನ್ನುವ ಐಡಿಯಾಕ್ಕೆ ಕೊಟ್ಟಿದ್ದು, ಕೊಂಡ ಫೈಲಿಗಲ್ಲ.

ಕೊಂಡಿದ್ದು ಏನು ಅಂದರೆ, ಟೆಕ್ನಿಕಲ್ ಕೆಲಸದವರಿಗೆ ಅಂತಲೇ ಮಾಡಿದ ಟೈಮ್‌ಲೈನ್ ಶೈಲಿಯ ರೆಸ್ಯೂಮ್ ಟೆಂಪ್ಲೇಟ್. ಆನ್‌ಲೈನಲ್ಲಿ ಕೆಲವು ನೂರು ರೂಪಾಯಿ. ಮಾರಿದವರ ಹೆಸರು ಬೇಡ. ಇದೇ ಥರದವು ಬೇರೆ ಬೇರೆ ಹೆಸರಲ್ಲಿ ಎಲ್ಲ ಕಡೆ ಬಿದ್ದಿವೆ, ಒಬ್ಬರನ್ನೇ ಹಿಡಿದು ಬೈದು ಪ್ರಯೋಜನ ಇಲ್ಲ. ಎಡಗಡೆ ಮೇಲಿಂದ ಕೆಳಗೆ ಒಂದು ಗೆರೆ. ಗೆರೆಯ ಮೇಲೆ ದುಂಡು ಚುಕ್ಕಿಗಳು. ಚುಕ್ಕಿಗೊಂದು ವರ್ಷ, ಅದರ ಬಲಕ್ಕೆ ಕಂಪನಿ, ಹುದ್ದೆ, ಮಾಡಿದ ಕೆಲಸ. ಮೇಲೆ ಫೋಟೋಗೆ ಜಾಗ, ಕೆಳಗೆ ಸ್ಕಿಲ್ ಅಂತ ಬಣ್ಣದ ಪಟ್ಟಿಗಳು. ವರ್ಡ್ ಫೈಲ್ ಒಂದು, ಗೂಗಲ್ ಡಾಕ್ಸ್ ಲಿಂಕ್ ಒಂದು. ಸ್ಕ್ರೀನಲ್ಲಿ ನೋಡಿದರೆ ಭಾರಿ ಚೆಂದ, ಅದನ್ನು ಇಲ್ಲ ಅನ್ನುವುದಿಲ್ಲ.

ಬೇಕಾಗಿದ್ದು ಇಬ್ಬರಿಗೆ. ಒಂದು ನನಗೆ. ಬೆಂಗಳೂರಿನ ಕಂಪನಿಯ ಸಾಫ್ಟ್‌ವೇರ್ ಕೆಲಸವನ್ನು ಶಿವಮೊಗ್ಗದ ವಿನೋಬನಗರದ ಮನೆಯಿಂದಲೇ ಮಾಡುತ್ತೇನೆ, ರೆಸ್ಯೂಮ್ ತುಂಬಾ ಹಳೆಯದಾಗಿತ್ತು. ಇನ್ನೊಂದು ಅಕ್ಕನ ಮಗನಿಗೆ. ಅವನು ಭದ್ರಾವತಿಯಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು, ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ, ಬಿಇ ಸೇರಿದವನು. ಆಮೇಲೆ ಮಾಚೇನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್. ಈಗ ಪೂರ್ತಿಯಾಗಿ ಪಿಎಲ್‌ಸಿ (ಫ್ಯಾಕ್ಟರಿ ಮಷೀನುಗಳನ್ನು ನಡೆಸುವ ಕಂಟ್ರೋಲರ್) ಪ್ರೋಗ್ರಾಮಿಂಗ್ ಕಡೆ ಹೋಗಬೇಕು ಅನ್ನುತ್ತಾನೆ. ಒಂದೇ ಟೆಂಪ್ಲೇಟಲ್ಲಿ ಎರಡು ಬೇರೆ ಥರದ ಕೆರಿಯರ್ ತುಂಬಿ ನೋಡಿದ್ದರಿಂದ ಇದರ ಹುಳುಕು ಬೇಗ ಗೊತ್ತಾಯಿತು.

ಒಳ್ಳೆಯದನ್ನು ಮೊದಲು ಹೇಳೋಣ. ಟೆಕ್ನಿಕಲ್ ಕೆಲಸದಲ್ಲಿ 'ಏನು ಗೊತ್ತು' ಅನ್ನುವಷ್ಟೇ 'ಯಾವಾಗ ಮಾಡಿದ್ದು' ಅನ್ನುವುದೂ ಮುಖ್ಯ, ಮತ್ತು ಇದನ್ನು ಮಾಮೂಲಿ ರೆಸ್ಯೂಮ್ ಮುಚ್ಚಿಡುತ್ತದೆ. ಮೂಲೆಯಲ್ಲಿ ಒಂದು ಸ್ಕಿಲ್ ಪಟ್ಟಿ ಇರುತ್ತದೆ: ಜಾವಾ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳು, ಡಾಕರ್, ಕುಬರ್ನೆಟೀಸ್ ಅನ್ನುವ ಟೂಲುಗಳು. ಇದರಲ್ಲಿ ಯಾವುದನ್ನು ಕಳೆದ ವಾರ ಮುಟ್ಟಿದ್ದು, ಯಾವುದನ್ನು ಕಾಲೇಜಿನ ಲ್ಯಾಬಲ್ಲಿ ಬಿಟ್ಟು ಬಂದದ್ದು ಅಂತ ಗೊತ್ತಾಗುವುದೇ ಇಲ್ಲ. ನಾನೂ ಇಂಟರ್‌ವ್ಯೂ ಮಾಡುವ ಕಡೆ ಕೂರುತ್ತೇನೆ. ಅಲ್ಲಿ ಕೂತವರು ಮೊದಲು ಕೇಳುವುದೇ 'ಇದನ್ನು ಕೊನೆಯ ಸಲ ಯಾವಾಗ ಬಳಸಿದ್ದು' ಅಂತ. ಪೈಥಾನಿನ ಹಳೆಯ ಆವೃತ್ತಿ ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಸಪೋರ್ಟ್ ಮುಗಿಯಿತು. 2016ರಲ್ಲಿ ಬಿಟ್ಟ ಪೈಥಾನ್ ಬೇರೆ, 2023ರಲ್ಲಿ ಬರೆದ ಪೈಥಾನ್ ಬೇರೆ. ಕೆಲಸದ ಜೊತೆಗೇ ಟೂಲಿನ ಹೆಸರೂ ಅದೇ ವರ್ಷದ ಕೆಳಗೆ ಬಂದುಬಿಟ್ಟರೆ ಕೇಳುವವರಿಗೂ ಸಲೀಸು, ಹೇಳುವವರಿಗೂ ಸಲೀಸು.

ಇದರಲ್ಲಿ ಇನ್ನೊಂದು ಮಜಾ ಇದೆ. ಡಾಕರ್ ಹೊರಗೆ ಬಂದಿದ್ದು 2013ರಲ್ಲಿ, ಕುಬರ್ನೆಟೀಸ್ ಮತ್ತು ಆ್ಯಪಲ್ಲಿನ ಸ್ವಿಫ್ಟ್ ಭಾಷೆ 2014ರಲ್ಲಿ. ಯಾರಾದರೂ 2012ರ ಚುಕ್ಕಿಯ ಪಕ್ಕ ಕುಬರ್ನೆಟೀಸ್ ಅಂತ ಬರೆದರೆ ಗೆರೆಯೇ ಅವರನ್ನು ಹಿಡಿದುಕೊಡುತ್ತದೆ. ಸ್ಕಿಲ್ ಪಟ್ಟಿಯಲ್ಲಿ ಮೆಲ್ಲಗೆ ಜಾರಿಸಿದ್ದು ಟೈಮ್‌ಲೈನಲ್ಲಿ ನಡೆಯುವುದಿಲ್ಲ. ಸುಮ್ನೆ ಉಬ್ಬಿಸಿ ಬರೆಯುವ ಚಾಳಿ ಇರುವವರು ಈ ಶೈಲಿಯಿಂದ ದೂರ ಇರುವುದೇ ವಾಸಿ.

ಅಕ್ಕನ ಮಗನಿಗೆ ಇದರಿಂದ ನಿಜವಾದ ಉಪಯೋಗ ಆಯಿತು. ಡಿಪ್ಲೊಮಾದಿಂದ ಬಂದವರ ಮಾಮೂಲಿ ರೆಸ್ಯೂಮ್ ನೋಡಿದರೆ ಹೊರಗಿನ ಎಚ್‌ಆರ್‌ಗಳು 'ಪಿಯುಸಿ ಎಲ್ಲಿ' ಅಂತ ಹುಡುಕುತ್ತಾರೆ, ಬಿಇ ಮೂರೇ ವರ್ಷ ಯಾಕೆ ಅಂತ ತಲೆ ಕೆರೆದುಕೊಳ್ಳುತ್ತಾರೆ. ಟೈಮ್‌ಲೈನಲ್ಲಿ ಎಸ್‌ಎಸ್‌ಎಲ್‌ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಅದಾದ ಕೂಡಲೇ ನೇರ ಎರಡನೇ ವರ್ಷದ ಬಿಇ. ಎಲ್ಲೂ ಖಾಲಿ ಇಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ, ಬಾಯಲ್ಲಿ ಹೇಳಬೇಕಾಗಿಲ್ಲ. ಮೇಂಟೆನೆನ್ಸಿನಿಂದ ಪ್ಯಾನಲ್ ವೈರಿಂಗ್, ಅಲ್ಲಿಂದ ಪಿಎಲ್‌ಸಿ, ಆಮೇಲೆ ಸ್ಕಾಡಾ ಸ್ಕ್ರೀನ್ (ಮಷೀನುಗಳನ್ನು ದೂರದಿಂದ ನೋಡಿಕೊಳ್ಳುವ ಪರದೆ) ಮಾಡುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋದದ್ದೂ ಕಂಡಿತು. ಹುದ್ದೆಯ ಹೆಸರು ಅಷ್ಟೂ ವರ್ಷ ಒಂದೇ ಇತ್ತು ಪಾಪ. ಕೆಲಸ ಮಾತ್ರ ಬದಲಾಗುತ್ತಾ ಹೋಗಿತ್ತು.

ಇಲ್ಲಿಗೆ ಹೊಗಳಿಕೆ ಮುಗಿಯಿತು.

ಮೊದಲ ದೂರು ಚುಕ್ಕಿಗಳ ಮೇಲೆ. ಎಲ್ಲ ಚುಕ್ಕಿಯೂ ಸಮ ದೂರದಲ್ಲಿವೆ. ನಾಲ್ಕು ತಿಂಗಳ ಇಂಟರ್ನ್‌ಶಿಪ್‌ಗೂ ಅಷ್ಟೇ ಜಾಗ, ಆರು ವರ್ಷದ ಕೆಲಸಕ್ಕೂ ಅಷ್ಟೇ ಜಾಗ. ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲಿನ ಸ್ಟೇಷನ್ ಪಟ್ಟಿ ಓದಿದ ಹಾಗೆ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು ಅಂತ ಒಂದರ ಕೆಳಗೆ ಒಂದು ನೀಟಾಗಿರುತ್ತವೆ, ಆದರೆ ಬೀರೂರು ದಾಟಿದರೆ ಕಡೂರು ಬಂದೇಬಿಡುತ್ತದೆ, ತಿಪಟೂರಿಂದ ತುಮಕೂರಿಗೆ ಒಂದು ನಿದ್ದೆ ಆಗುತ್ತದೆ. ಹೆಸರಿಗೆ ಟೈಮ್‌ಲೈನ್, ಟೈಮೇ ಇಲ್ಲ ಅದರಲ್ಲಿ. ಗೆರೆ ಬರೀ ಅಲಂಕಾರ.

ಸರಿ, ಅಳತೆಗೆ ತಕ್ಕ ಹಾಗೆ ಎಳೆದುಬಿಡೋಣ ಅಂತ ಚುಕ್ಕಿಗಳನ್ನು ಕೈಯಲ್ಲಿ ಸರಿಸಿದರೆ ಇನ್ನೊಂದು ತೊಂದರೆ. ಶುರುವಿನ ಐದು ವರ್ಷದ ಟೆಸ್ಟಿಂಗ್ ಕೆಲಸ, ಹೇಳಲು ಎರಡು ಸಾಲು ಸಾಕು, ಅದು ಅರ್ಧ ಪುಟ ತಿಂದು ಕೂರುತ್ತದೆ. ಈಚಿನ ಒಂದೂವರೆ ವರ್ಷದ ಕೆಲಸ, ನಿಜವಾಗಿ ಕೆಲಸ ಸಿಗುವುದೇ ಅದರಿಂದ, ಅದಕ್ಕೆ ಹೆಬ್ಬೆರಳಗಲ ಜಾಗ. ಟೆಕ್ನಿಕಲ್ ರೆಸ್ಯೂಮಲ್ಲಿ ಜಾಗ ಕೊಡಬೇಕಾದ್ದು ಕೆಲಸದ ತೂಕ ನೋಡಿ. ಕಾಲವನ್ನು ಹೇಳಲು ತಿಂಗಳು, ವರ್ಷ ಅಕ್ಷರದಲ್ಲಿ ಬರೆದರೆ ಸಾಕು, ಗೆರೆಯ ಉದ್ದದಲ್ಲಿ ಹೇಳಬೇಕಾಗಿಲ್ಲ.

ಎರಡೂ ಬೇಕು ಅನ್ನುವವರಿಗೆ ಬಿಟ್ಟಿ ದಾರಿ ಒಂದಿದೆ, ಅದು ಈ ಪ್ಯಾಕಿಗಿಂತ ಎಷ್ಟೋ ಮೇಲು. ಲೇಟೆಕ್‌ನಲ್ಲಿ (ಪ್ರೋಗ್ರಾಂ ಥರ ಬರೆದು ಪುಟ ಜೋಡಿಸುವ ಸಾಫ್ಟ್‌ವೇರ್) ಮಾಡರ್ನ್‌ಸಿವಿ ಅಂತ ಹಳೆಯ ಹೆಸರುವಾಸಿ ಟೆಂಪ್ಲೇಟ್ ಇದೆ, ಅದರ ಕ್ಲಾಸಿಕ್ ಸ್ಟೈಲಲ್ಲಿ ಎಡಗಡೆ ತಾರೀಕು, ಬಲಗಡೆ ವಿವರ. ಅದರ ಜೊತೆಗೆ ಮಾಡರ್ನ್‌ಟೈಮ್‌ಲೈನ್ ಅನ್ನುವ ಇನ್ನೊಂದು ಪ್ಯಾಕೇಜ್ ಸೇರಿಸಿಕೊಂಡರೆ ಪ್ರತಿ ಕೆಲಸದ ಎಡಕ್ಕೆ ಒಂದು ಸಣ್ಣ ಅಡ್ಡಪಟ್ಟಿ ಬರುತ್ತದೆ. ನಿಮ್ಮ ಕೆರಿಯರಿನ ಮೊದಲ ವರ್ಷ ಯಾವುದು, ಕೊನೆಯ ವರ್ಷ ಯಾವುದು ಅಂತ ಒಂದು ಸಲ ಹೇಳಿದರೆ ಆಯಿತು, ಆ ಪಟ್ಟಿಯಲ್ಲಿ ಈ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಅನ್ನುವುದನ್ನು ಅಳತೆಗೆ ಸರಿಯಾಗಿ ಪ್ಯಾಕೇಜೇ ಬಣ್ಣ ತುಂಬಿ ತೋರಿಸುತ್ತದೆ. ಬರಹಕ್ಕೆ ಬೇಕಾದಷ್ಟು ಜಾಗ, ಕಾಲಕ್ಕೆ ಸರಿಯಾದ ಅಳತೆ. ಕೆಲಸ ಮಾಡುತ್ತಲೇ ಎಂ.ಟೆಕ್ ಮಾಡಿದವರಿಗೆ ಎರಡು ಪಟ್ಟಿ ಒಂದರ ಕೆಳಗೊಂದು ಒಂದೇ ವರ್ಷಗಳ ಮೇಲೆ ಬಂದು, ಎರಡೂ ಒಟ್ಟಿಗೆ ನಡೆದದ್ದು ಅಂತ ತೋರಿಸಿಬಿಡುತ್ತದೆ. ಕೊಂಡ ಟೆಂಪ್ಲೇಟಲ್ಲಿ ಇದಕ್ಕೆ ದಾರಿಯೇ ಇಲ್ಲ, ಒಂದೇ ಗೆರೆ, ಒಂದಾದ ಮೇಲೆ ಒಂದು.

ಓವರ್‌ಲೀಫ್ ಅನ್ನುವ ಆನ್‌ಲೈನ್ ಲೇಟೆಕ್ ತಾಣದ ಉಚಿತ ಖಾತೆಯಲ್ಲೇ ಇದಾಗುತ್ತದೆ. ಹಾಗಂತ ಎಲ್ಲರಿಗೂ ಒಗ್ಗುವುದಿಲ್ಲ. ಅಕ್ಕನ ಮಗ ಸ್ಕ್ರೀನ್ ನೋಡಿ, "ಮಾವ, ರೆಸ್ಯೂಮ್ ಬರೆಯೋಕೂ ಪ್ರೋಗ್ರಾಂ ಬರೀಬೇಕಾ?" ಅಂದ. ದಿನವಿಡೀ ಪಿಎಲ್‌ಸಿಗೆ ಲ್ಯಾಡರ್ ಲಾಜಿಕ್ ಪ್ರೋಗ್ರಾಂ ಬರೆಯುವವನ ಬಾಯಲ್ಲಿ ಈ ಮಾತು! ಅದಲ್ಲದೆ ಅದು ಆನ್‌ಲೈನ್ ಕೆಲಸ. ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ, ಕರೆಂಟಿನ ಹಿಂದೆಯೇ ನೆಟ್ಟೂ ಹೋಗುತ್ತದೆ. ಫೈಲಿನ ಒಂದು ಪ್ರತಿ ಲ್ಯಾಪ್‌ಟಾಪಲ್ಲಿ ಇಟ್ಟುಕೊಳ್ಳಿ.

ಎರಡನೇ ದೂರು ದೊಡ್ಡದು. ಈ ಫೈಲನ್ನು ಮಷೀನ್ ಓದಲಾರದು. ದೊಡ್ಡ ಕಂಪನಿಗಳ ಅರ್ಜಿಯಲ್ಲಿ ರೆಸ್ಯೂಮ್ ಅಪ್‌ಲೋಡ್ ಮಾಡಿದ ಕೂಡಲೇ ಒಂದು ಸಾಫ್ಟ್‌ವೇರ್ ಅದರಿಂದ ಹೆಸರು, ಕಂಪನಿ, ತಾರೀಕು ಕಿತ್ತು ಖಾನೆಗಳಿಗೆ ತುಂಬುತ್ತದಲ್ಲ, ಅಲ್ಲಿ ಇದು ಮುಗ್ಗರಿಸುತ್ತದೆ. ಕಾರಣ ಸರಳ. ಗೆರೆಯ ಪಕ್ಕ ಸರಿಯಾಗಿ ಕೂರಲಿ ಅಂತ ಪ್ರತಿ ವರ್ಷವನ್ನೂ, ಪ್ರತಿ ವಿವರವನ್ನೂ ಬೇರೆ ಬೇರೆ ಟೆಕ್ಸ್ಟ್ ಬಾಕ್ಸ್ ಒಳಗೆ ತುರುಕಿದ್ದಾರೆ. ವರ್ಡ್ ಫೈಲಿನ ಒಳಗೆ ಟೆಕ್ಸ್ಟ್ ಬಾಕ್ಸಿನ ಬರಹ ಮಾಮೂಲಿ ಪ್ಯಾರಾಗಳ ಸಾಲಲ್ಲಿ ಇರುವುದಿಲ್ಲ. ಪೈಥಾನ್-ಡಾಕ್ಸ್ ಅಂತ ವರ್ಡ್ ಫೈಲ್ ಓದುವ ಒಂದು ಪ್ರೋಗ್ರಾಮಿಂಗ್ ಲೈಬ್ರರಿ ಇದೆ, ಅದರಿಂದ 'ಪ್ಯಾರಾಗಳನ್ನೆಲ್ಲ ಕೊಡು' ಅಂತ ಕೇಳಿ ನೋಡಿದೆ. ನನ್ನ ಹೆಸರು, ಒಂದೆರಡು ತಲೆಬರಹ ಬಿಟ್ಟರೆ ಏನೂ ಬರಲಿಲ್ಲ. ಇಷ್ಟು ವರ್ಷದ ಕೆಲಸ ಮಾಯ! ಫೋನ್ ನಂಬರನ್ನು ಪುಟದ ಹೆಡರಲ್ಲಿ ಇಟ್ಟಿದ್ದರು, ಹೆಡರ್ ಫೈಲೊಳಗೆ ಬೇರೆಯೇ ಜಾಗದಲ್ಲಿ ಇರುತ್ತದೆ, ಅದೂ ಇಲ್ಲ.

ಪಿಡಿಎಫ್ ಮಾಡಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಪೂರ್ತಿ ಸರಿಹೋಗುವುದಿಲ್ಲ. ಮಾಮೂಲಿ ಪಿಡಿಎಫ್‌ಗೆ ಸಾಲು, ಪ್ಯಾರಾ ಅನ್ನುವುದು ಗೊತ್ತೇ ಇಲ್ಲ. ಪುಟದ ಈ ಜಾಗದಲ್ಲಿ ಈ ಅಕ್ಷರ ಇಡು ಅನ್ನುವುದಷ್ಟೇ ಅದರಲ್ಲಿರುತ್ತದೆ, ಯಾವುದಾದ ಮೇಲೆ ಯಾವುದನ್ನು ಓದಬೇಕು ಅಂತ ಓದುವ ಸಾಫ್ಟ್‌ವೇರ್ ಊಹೆ ಮಾಡಬೇಕು. ನೀವೇ ನೋಡಬಹುದು, ದುಡ್ಡೇನೂ ಬೇಡ. ಪಿಡಿಎಫ್ ತೆರೆದು, ಕಂಟ್ರೋಲ್-ಎ, ಕಂಟ್ರೋಲ್-ಸಿ ಒತ್ತಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ. ನನ್ನದರಲ್ಲಿ ವರ್ಷಗಳೆಲ್ಲ ಮೇಲೆ ಒಂದೇ ಗುಂಪಾಗಿ ಬಂದವು, ಕಂಪನಿಗಳೆಲ್ಲ ಕೆಳಗೆ ಬೇರೆ ಗುಂಪು. ಯಾವ ವರ್ಷ ಯಾವ ಕಂಪನಿ? ದೇವರೇ ಬಲ್ಲ. ಟೈಮ್‌ಲೈನ್ ಇರುವುದೇ ವರ್ಷ ಮತ್ತು ಕೆಲಸವನ್ನು ಒಟ್ಟಿಗೆ ಕಟ್ಟುವುದಕ್ಕೆ, ಇಲ್ಲಿ ಆ ಗಂಟೇ ಬಿಚ್ಚಿಹೋಗಿತ್ತು. ಮಾಡರ್ನ್‌ಸಿವಿಯ ಪಿಡಿಎಫ್‌ಗೂ ಇದೇ ಪರೀಕ್ಷೆ ಕೊಟ್ಟೆ. ತಾರೀಕಿನ ಪಕ್ಕವೇ ಕೆಲಸ ಬಂತು.

ಮಷೀನ್ ಬೇಡ, ಮನುಷ್ಯರೇ ಓದುತ್ತಾರೆ ಅಂತಿಟ್ಟುಕೊಳ್ಳಿ. ನಮ್ಮ ಕಡೆ ಎಷ್ಟೋ ಫ್ಯಾಕ್ಟರಿಗಳಲ್ಲಿ ಇವತ್ತಿಗೂ ಗೇಟಿನ ಹತ್ತಿರ ಕಾಗದದ ರೆಸ್ಯೂಮ್ ಕೊಟ್ಟು ಬರಬೇಕು, ಅಲ್ವಾ? ಹಾಗಾಗಿ ದುರ್ಗಿಗುಡಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಕಪ್ಪು-ಬಿಳುಪಲ್ಲಿ ಆ ತೆಳು ಹಸಿರು ಗೆರೆ ಬೂದಿ ಬಣ್ಣಕ್ಕೆ ಬಂತು, ಅದನ್ನು ಮತ್ತೆ ಜೆರಾಕ್ಸ್ ಮಾಡಿಸಿದಾಗ ಗೆರೆಯೇ ಹೋಯಿತು, ಚುಕ್ಕಿಗಳು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಅಂಗಡಿಯವರು ನೋಡಿ, "ಇದಕ್ಕೆ ಕಲರೇ ಹಾಕಿಸ್ಬೇಕು ಸಾರ್" ಅಂದರು. ಹತ್ತು ಪ್ರತಿಗೆ ಕಲರ್ ಹಾಕಿಸಿದರೆ ಟೆಂಪ್ಲೇಟಿನ ದುಡ್ಡಿನ ಜೊತೆ ಇದೂ ಸೇರಿತು.

ಆಮೇಲೆ ಪಂಚಿಂಗ್. ಇದನ್ನು ಟೆಂಪ್ಲೇಟ್ ಮಾಡಿದವರು ಕನಸಲ್ಲೂ ನೆನೆದಿರಲಿಕ್ಕಿಲ್ಲ. ಆಫೀಸಿನಲ್ಲಿ ಕಾಗದ ಬಂದರೆ ಎಡಗಡೆ ಎರಡು ತೂತು ಹೊಡೆದು ಫೈಲಿಗೆ ಟ್ಯಾಗ್ ಹಾಕುತ್ತಾರೆ. ಪಂಚಿಂಗ್ ಮಷೀನಿನ ಮಾಮೂಲಿ ಅಳತೆಯಲ್ಲಿ ತೂತಿನ ನಡುಮಧ್ಯ ಕಾಗದದ ಅಂಚಿನಿಂದ 12 ಮಿಲಿಮೀಟರ್ ಒಳಗೆ, ತೂತಿನಿಂದ ತೂತಿಗೆ 80 ಮಿಲಿಮೀಟರ್. ಈ ಟೆಂಪ್ಲೇಟಿನ ಗೆರೆ, ವರ್ಷ ಎಲ್ಲ ಇರುವುದು ಸರಿಯಾಗಿ ಅಲ್ಲೇ. ಎ4 ಹಾಳೆಯಲ್ಲಿ ಎಡಗಡೆ 25 ಮಿಲಿಮೀಟರ್ ಆದರೂ ಖಾಲಿ ಬಿಡಬೇಕು. ಬಿಡದಿದ್ದರೆ ತೂತು ನಿಮ್ಮ ಡಿಪ್ಲೊಮಾ ಮುಗಿದ ವರ್ಷದ ಮೇಲೇ ಬೀಳುತ್ತದೆ. ಅಂದ ಹಾಗೆ ಫೈಲ್ ಎ4ಗೆ ಸೆಟ್ ಆಗಿರಲೂ ಇಲ್ಲ, ಅಮೆರಿಕದ ಲೆಟರ್ ಸೈಜಲ್ಲಿತ್ತು. ಅದು ಎ4ಗಿಂತ ಅಗಲ ಸ್ವಲ್ಪ ಜಾಸ್ತಿ, ಉದ್ದ ಕಡಿಮೆ. ಬದಲಾಯಿಸಿದರೆ ಟೆಕ್ಸ್ಟ್ ಬಾಕ್ಸ್‌ಗಳೆಲ್ಲ ಒಂದರ ಮೇಲೊಂದು ಹತ್ತಿ ಕೂತವು.

ಸ್ಕಿಲ್ ಪಟ್ಟಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಾವಾ 80 ಪರ್ಸೆಂಟ್ ಅಂದರೆ ಯಾರ ಜಾವಾದ ನೂರಕ್ಕೆ ಎಂಬತ್ತು? ತೆಗೆದುಹಾಕಿ. ಫೋಟೋ ಕೂಡ, ಕೇಳದಿದ್ದರೆ ಬೇಡ.

ಈಗ ಗೆರೆಗೆ ತುಂಬುವ ತಾರೀಕುಗಳ ವಿಷಯ. ಇದು ಯಾವ ಟೆಂಪ್ಲೇಟ್ ಆದರೂ ಅನ್ವಯಿಸುತ್ತದೆ, ಆದರೆ ಟೈಮ್‌ಲೈನಲ್ಲಿ ತಪ್ಪು ಎದ್ದು ಕಾಣುತ್ತದೆ. '2019–2020' ಅಂತ ಬರೆದರೆ ಅದು ಎರಡು ತಿಂಗಳೂ ಆಗಬಹುದು, ಇಪ್ಪತ್ತನಾಲ್ಕು ತಿಂಗಳೂ ಆಗಬಹುದು. ಓದುವವರು ಕಡಿಮೆಯದನ್ನೇ ಅಂದಾಜು ಮಾಡುತ್ತಾರೆ. ತಿಂಗಳು ಬರೆಯಿರಿ. ನೆನಪಿನಿಂದ ಬರೆಯಬೇಡಿ. ಪಿಎಫ್ ಇದ್ದರೆ ಇಪಿಎಫ್‌ಒ ಸದಸ್ಯರ ಪೋರ್ಟಲಲ್ಲಿ ಯುಎಎನ್ (ಪಿಎಫ್ ಸದಸ್ಯರ ನಂಬರ್) ಹಾಕಿ ಒಳಗೆ ಹೋದರೆ ಸರ್ವೀಸ್ ಹಿಸ್ಟರಿ ಅಂತ ಸಿಗುತ್ತದೆ, ಯಾವ ಕಂಪನಿಗೆ ಯಾವತ್ತು ಸೇರಿದ್ದು, ಯಾವತ್ತು ಬಿಟ್ಟಿದ್ದು ಎಲ್ಲ ಅಲ್ಲಿದೆ. ಕೆಲಸ ಕೊಡುವ ಮುಂಚೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡುವವರು ಅದನ್ನೂ ರಿಲೀವಿಂಗ್ ಲೆಟರನ್ನೂ ಮುಂದಿಟ್ಟುಕೊಂಡೇ ನೋಡುವುದು. ಅಲ್ಲೊಂದು ತಿಂಗಳು, ಇಲ್ಲೊಂದು ತಿಂಗಳು ಅಂತಾದರೆ ಸುಮ್ನೆ ಮೇಲ್ ಬರೆದು ಸಮಜಾಯಿಷಿ ಕೊಡುತ್ತಾ ಕೂರಬೇಕು.

ಇನ್ನೊಂದು, ಕಂಪನಿಯ ಹೆಸರು ಬದಲಾಗುವುದು. 2008ರಲ್ಲಿ ಸತ್ಯಂ ಸೇರಿದವರೊಬ್ಬರನ್ನು ನೆನೆಸಿಕೊಳ್ಳಿ. 2009ರಲ್ಲಿ ಅದು ಮಹೀಂದ್ರಾ ಸತ್ಯಂ ಆಯಿತು, 2013ರಲ್ಲಿ ಟೆಕ್ ಮಹೀಂದ್ರಾದಲ್ಲಿ ಸೇರಿಹೋಯಿತು. ಮನುಷ್ಯ ಕುರ್ಚಿಯಿಂದ ಏಳದಿದ್ದರೂ ಟೈಮ್‌ಲೈನಲ್ಲಿ ಮೂರು ಚುಕ್ಕಿ ಹಾಕಿದರೆ ಕಂಪನಿ ಹಾರುವವರ ಹಾಗೆ ಕಾಣುತ್ತಾರೆ. ಒಂದೇ ಚುಕ್ಕಿ ಹಾಕಿ, ಈಗಿನ ಹೆಸರು ಬರೆದು, ಪಕ್ಕದಲ್ಲಿ 'ಹಿಂದೆ ಸತ್ಯಂ' ಅಂತ ಸೇರಿಸಿದರೆ ಮುಗಿಯಿತು.

ಯಾರಿಗೆ ಈ ಶೈಲಿ ಬೇಡವೇ ಬೇಡ? ಈಗಷ್ಟೇ ಕಾಲೇಜು ಮುಗಿಸಿದವರಿಗೆ ಬೇಡ. ಅಕ್ಕನ ಮಗನ ತಂಗಿ ಈ ವರ್ಷ ಕೊನೆಯ ಸೆಮಿಸ್ಟರ್, ಅಣ್ಣನದು ನೋಡಿ ತನ್ನದನ್ನೂ ತುಂಬಿಸಿದಳು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ, ಮೂರು ಚುಕ್ಕಿ. "ಮಾವ, ನಂದು ಖಾಲಿ ಖಾಲಿ ಕಾಣ್ತದೆ" ಅಂದಳು, ನಿಜವೇ. ಅವಳ ಹತ್ತಿರ ಹೇಳಲು ಇದ್ದದ್ದು ಪ್ರಾಜೆಕ್ಟುಗಳು, ಅವೆಲ್ಲ ಒಂದೇ ವರ್ಷದಲ್ಲಿ ಮಾಡಿದ್ದು, ಗೆರೆಗೆ ಅಲ್ಲಿ ಏನೂ ಕೆಲಸ ಇಲ್ಲ. ಪ್ರಾಜೆಕ್ಟನ್ನೇ ಮೇಲೆ ಹಾಕಿದ ಸಾದಾ ಪುಟವೇ ಅವಳಿಗೆ ಸರಿ. ನಾಲ್ಕೈದು ತಿಂಗಳಿಗೊಂದು ಕಾಂಟ್ರಾಕ್ಟ್ ಬದಲಾಯಿಸುವವರಿಗೂ ಇದು ಆಗುವುದಿಲ್ಲ, ಪುಟ ತುಂಬ ಚುಕ್ಕಿಯಾಗುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ನಮ್ಮ ಬೀದಿಯ ಹಿರಿಯರೊಬ್ಬರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿ ಅಲ್ಲೇ ರಿಟೈರ್ ಆದವರು, ಈಗ ಸಣ್ಣ ಫೌಂಡ್ರಿಗಳಿಗೆ ಸಲಹೆ ಕೊಡಲು ಒಂದು ರೆಸ್ಯೂಮ್ ಬೇಕು ಅಂದರು. ಕಾರ್ಖಾನೆ 1998ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್‌ನೊಳಗೆ ಸೇರಿತು, ಆದರೂ ಅವರಿಗೆ ಅದು ಒಂದೇ ಕೆಲಸ. ಕಂಪನಿ ಲೆಕ್ಕಕ್ಕೆ ಹೋದರೆ ಗೆರೆಯಲ್ಲಿ ಒಂದೇ ಚುಕ್ಕಿ. ಹಾಗಾಗಿ ಕಂಪನಿ ಬಿಟ್ಟು ಕೆಲಸದ ಲೆಕ್ಕ ಹಿಡಿದೆವು. ಯಾವ ವರ್ಷ ಯಾವ ಶಾಪ್ (ಕಾರ್ಖಾನೆಯ ವಿಭಾಗ), ಯಾವ ಫರ್ನೇಸ್, ಯಾವ ಗ್ರೇಡ್ ಉಕ್ಕು. ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ, ಅದ್ಭುತ ಟೈಮ್‌ಲೈನ್ ಆಯಿತು. ಇಷ್ಟೂ ಮಂದಿಯಲ್ಲಿ ಈ ಶೈಲಿ ನಿಜವಾಗಿ ಒಪ್ಪಿದ್ದು ಅವರಿಗೆ ಮತ್ತು ಅಕ್ಕನ ಮಗನಿಗೆ. ನನ್ನದು ನಡುವೆ ಎಲ್ಲೋ ಇದೆ.

ದುಡ್ಡು ವಾಪಸ್ ಕೇಳೋಣ ಅಂತ ಮೇಲ್ ಹಾಕಿದೆ. ಡಿಜಿಟಲ್ ವಸ್ತುವಿಗೆ ರಿಫಂಡ್ ಇಲ್ಲ ಅಂತ ಉತ್ತರ ಬಂತು, ಬೇಕಾದರೆ ಇನ್ನೊಂದು ಬಣ್ಣದ ಫೈಲ್ ಕೊಡುತ್ತೇವೆ ಅಂದರು. ಬೇಡ ಮಾರಾಯ.

ಈಗಾಗಲೇ ಇಂಥದ್ದನ್ನು ಕೊಂಡು ಕೂತವರು ಒಂದು ಕೆಲಸ ಮಾಡಬಹುದು. ಟೆಕ್ಸ್ಟ್ ಬಾಕ್ಸ್ ಒಳಗಿನ ಬರಹವನ್ನೆಲ್ಲ ವರ್ಡಿನ ಖಾಲಿ ಪುಟಕ್ಕೆ ಹಾಕಿ, ಪ್ರತಿ ಕೆಲಸವೂ ತಿಂಗಳು, ವರ್ಷದಿಂದಲೇ ಶುರುವಾಗುವ ಹಾಗೆ ಬರೆಯಿರಿ. ಆಮೇಲೆ ಆ ಪ್ಯಾರಾಗಳನ್ನು ಸೆಲೆಕ್ಟ್ ಮಾಡಿ, ಬಾರ್ಡರ್ ಆಯ್ಕೆಯಲ್ಲಿ ಎಡಗಡೆಯ ಬಾರ್ಡರ್ ಒಂದನ್ನೇ ಹಾಕಿ. ಎಲ್ಲ ಪ್ಯಾರಾಗಳಿಗೂ ಒಂದೇ ಇಂಡೆಂಟ್ ಇದ್ದರೆ ಮೇಲಿಂದ ಕೆಳಗೆ ಒಂದೇ ಗೆರೆಯಾಗಿ ಬರುತ್ತದೆ. ಬಣ್ಣ ಕಪ್ಪೇ ಇರಲಿ, ಜೆರಾಕ್ಸಿಗೂ ಉಳಿಯುತ್ತದೆ. ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿದರೆ ಗೆರೆ ಬಿಟ್ಟು ಬೇರೇನೂ ಕಳೆಯುವುದಿಲ್ಲ. ಚುಕ್ಕಿ ಬೇಕೇ ಬೇಕು ಅಂತ ಅಕ್ಕನ ಮಗ ಹಟ ಹಿಡಿದ, ಅವನಿಗೆ ವರ್ಷದ ಮುಂದೆ ಮಾಮೂಲಿ ಬುಲೆಟ್ ಹಾಕಿಕೊಟ್ಟೆ.